ಗ್ಯಾಸ್ಟನ್ ಪ್ಲಾಂಟೆ

ಗ್ಯಾಸ್ಟನ್ ಪ್ಲಾಂಟೆ (೨೨ ಏಪ್ರಿಲ್ ೧೮೩೪ – ೨೧ ಮೇ ೧೮೮೯) ಫ್ರಾನ್ಸ್ ದೇಶದ ಭೌತವಿಜ್ಞಾನಿ. ಬರಿದಾದ ಮೇಲೆ ಮತ್ತೆ ಚಾರ್ಜ್ ಮಾಡಿ ಬಳಸಬಹುದಾದ ಸೀಸ-ಆಮ್ಲ ಬ್ಯಾಟರಿಯನ್ನು ೧೮೫೯ರಲ್ಲಿ ರೂಪಿಸಿದವರೆಂದು ಪ್ರಸಿದ್ಧರು. ಕಾರು, ಬಸ್ಸು, ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ಚಾಲೂ ಮಾಡುವ ಬ್ಯಾಟರಿಯೂ ಮನೆಯ ಇನ್ವರ್ಟರಿನ ಬ್ಯಾಟರಿಯೂ ಮೂಲತತ್ತ್ವದಲ್ಲಿ ಅವರು ರೂಪಿಸಿದ ಕೋಶಗಳೇ ಆಗಿವೆ. ವಾಯುಮಂಡಲದ ವಿದ್ಯುತ್ತು ಹಾಗೂ ಚೆಂಡುಮಿಂಚಿನ ಕುರಿತೂ ಅವರು ದೀರ್ಘಕಾಲ ಸಂಶೋಧನೆ ನಡೆಸಿದರು. ಪಳೆಯುಳಿಕೆಯಾಗಿ ದೊರೆತ ದೈತ್ಯ ಪಕ್ಷಿಯೊಂದಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಜನನ ಮತ್ತು ಕುಟುಂಬ

ಪ್ಲಾಂಟೆಯವರು ಜನಿಸಿದ್ದು ನೈಋತ್ಯ ಫ್ರಾನ್ಸಿನ ಪಿರೆನೀಸ್ ಪರ್ವತಗಳ ತಪ್ಪಲಿಗೆ ಸಮೀಪದ ಓರ್ತೆಜ್ ಎಂಬ ಪಟ್ಟಣದಲ್ಲಿ. ಬಾಲ್ಯದಲ್ಲಿಯೇ ಕುಟುಂಬವು ಪ್ಯಾರಿಸ್ಸಿಗೆ ಬಂದು ನೆಲೆಸಿತು. ಅವರ ತಮ್ಮ ಫ್ರಾನ್ಸಿಸ್ ಪ್ಲಾಂಟೆ (೧೮೩೯–೧೯೩೪) ಹತ್ತೊಂಬತ್ತನೆಯ ಶತಮಾನದ ಹೆಸರಾಂತ ಪಿಯಾನೋ ವಾದಕರಲ್ಲೊಬ್ಬರು. ೧೯೨೮ರಲ್ಲಿ, ತಮ್ಮ ೮೯ನೆಯ ವಯಸ್ಸಿನಲ್ಲಿ, ಅವರು ನುಡಿಸಿದ ಕೃತಿಗಳು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿತವಾಗಿ ಉಳಿದಿವೆ. ಸಂಗೀತದ ಇತಿಹಾಸವನ್ನು ಬರೆಯುವವರಿಗೆ ಪ್ಲಾಂಟೆ ಎಂದರೆ ಇಂದಿಗೂ ತಮ್ಮನೇ, ಅಣ್ಣನಲ್ಲ.

ಪ್ಯಾರಿಸ್ಸಿನ ಪ್ರಯೋಗಶಾಲೆ

೧೮೫೪ರಲ್ಲಿ ಪ್ಲಾಂಟೆಯವರು ಪ್ಯಾರಿಸ್ಸಿನ ಕಲೆ ಮತ್ತು ಕೈಗಾರಿಕೆಗಳ ರಾಷ್ಟ್ರೀಯ ಸಂಸ್ಥೆಯಲ್ಲಿ ಭೌತವಿಜ್ಞಾನದ ಸಹಾಯಕರಾಗಿ ಸೇರಿದರು. ಉಪನ್ಯಾಸಗಳಿಗೆ ಬೇಕಾದ ಪ್ರಯೋಗಗಳನ್ನು ಅಣಿಗೊಳಿಸುವುದು ಆ ಹುದ್ದೆಯ ಕೆಲಸ. ಅಲ್ಲಿ ಅವರು ಎಡ್ಮಂಡ್ ಬೆಕೆರೆಲ್ ಅವರ ಕೈಕೆಳಗೆ ಪಳಗಿದರು. ಮುಂದೆ ವಿಕಿರಣಶೀಲತೆಯನ್ನು ಕಂಡುಹಿಡಿದ ಹೆನ್ರಿ ಬೆಕೆರೆಲ್ ಇದೇ ಎಡ್ಮಂಡ್ ಅವರ ಮಗ. ೧೮೬೦ರಲ್ಲಿ ಪ್ಲಾಂಟೆಯವರು ಜನಸಾಮಾನ್ಯರ ಶಿಕ್ಷಣಕ್ಕಾಗಿ ಇದ್ದ ಪಾಲಿಟೆಕ್ನಿಕ್ ಸಂಘದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು.

೧೮೫೫ರಲ್ಲಿ, ಬ್ಯಾಟರಿಯ ಕೆಲಸ ಇನ್ನೂ ಆರಂಭವಾಗದಿದ್ದಾಗಲೇ, ಪ್ಯಾರಿಸ್ಸಿನ ಹೊರವಲಯದ ಮ್ಯೂಡಾನ್ ಎಂಬಲ್ಲಿನ ಶಿಲಾಸ್ತರದಲ್ಲಿ ಅವರಿಗೆ ದೊಡ್ಡ ಪಕ್ಷಿಯೊಂದರ ಕಾಲುಮೂಳೆ ದೊರೆಯಿತು. ಭೂವಿಜ್ಞಾನಿ ಎಡ್ಮಂಡ್ ಎಬೇರ್ ಅದನ್ನು ಪರಿಶೀಲಿಸಿ, ಕಂಡುಹಿಡಿದ ತರುಣನ ಹೆಸರನ್ನು ಸೇರಿಸಿ ಗ್ಯಾಸ್ಟಾರ್ನಿಸ್ ಎಂದು ನಾಮಕರಣ ಮಾಡಿದರು. ಸುಮಾರು ಎರಡು ಮೀಟರ್ ಎತ್ತರದ, ಹಾರಲಾರದ ಈ ಹಕ್ಕಿ ಮಾಂಸಾಹಾರಿಯಾಗಿತ್ತೆಂದು ಬಹುಕಾಲ ನಂಬಲಾಗಿತ್ತು. ಅದು ಸಸ್ಯಾಹಾರಿಯಾಗಿತ್ತೆಂಬ ಅಭಿಪ್ರಾಯ ಈಗ ಬಲಗೊಂಡಿದೆ. ಆಗ ಪ್ಲಾಂಟೆಯವರಿಗೆ ಇಪ್ಪತ್ತೊಂದು ವರ್ಷ.

ಅಂದಿನ ವಿದ್ಯುತ್ಕೋಶಗಳು

೧೮೦೦ರಲ್ಲಿ ವೋಲ್ಟಾ ತಮ್ಮ ವಿದ್ಯುತ್ ಸ್ತಂಭವನ್ನು ಪ್ರಕಟಿಸಿದ ಮೇಲೆ ಡೇನಿಯಲ್, ಗ್ರೋವ್, ಬುನ್ಸೆನ್ ಮೊದಲಾದವರು ಉತ್ತಮ ಕೋಶಗಳನ್ನು ಕೊಟ್ಟಿದ್ದರು. ಇವೆಲ್ಲವೂ ಪ್ರಾಥಮಿಕ ಕೋಶಗಳು. ಸತುವು ಕರಗುತ್ತಿದ್ದಂತೆ ವಿದ್ಯುತ್ತು ಹುಟ್ಟುತ್ತಿತ್ತು; ಸತುವು ಮುಗಿದಾಗ ಹೊಸ ಸತುವನ್ನೂ ಹೊಸ ಆಮ್ಲವನ್ನೂ ಹಾಕಬೇಕಾಗಿತ್ತು. ಒಲೆಗೆ ಸೌದೆ ಒಟ್ಟಿದ ಹಾಗೆಯೇ ಇದು ಖರ್ಚಿನ ಬಾಬತ್ತು.

ಹೊರಗಿನಿಂದ ವಿದ್ಯುತ್ತನ್ನು ಹಾಯಿಸಿದರೆ ಕೆಲವು ಲೋಹದ ಫಲಕಗಳು ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ವಿರುದ್ಧ ದಿಕ್ಕಿನಲ್ಲಿ ಹಿಂದಿರುಗಿಸುತ್ತವೆ ಎಂಬುದು ಹೊಸ ಸಂಗತಿಯೇನಾಗಿರಲಿಲ್ಲ. ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ೧೮೦೩ರ ಸುಮಾರಿಗೇ ಇದನ್ನು ತೋರಿಸಿದ್ದರು. ವಿಲ್ಹೆಲ್ಮ್ ಸಿನ್‌ಸ್ಟೆಡೆನ್ ಎಂಬ ಜರ್ಮನ್ ವೈದ್ಯರು ೧೮೫೪ರಲ್ಲಿ ಸೀಸದ ಫಲಕಗಳನ್ನೇ ಗಂಧಕಾಮ್ಲದಲ್ಲಿಟ್ಟು ಪ್ರಯೋಗಿಸಿದ್ದರು. ಆದುದರಿಂದ ಸೀಸ ಮತ್ತು ಗಂಧಕಾಮ್ಲಗಳ ಜೋಡಿಯನ್ನು ಮೊಟ್ಟಮೊದಲು ಕಂಡವರು ಪ್ಲಾಂಟೆ ಎನ್ನಲಾಗದು. ಈ ಹಿಂದಿರುಗುವ ವಿದ್ಯುತ್ತನ್ನು ಅಂದಿನವರಲ್ಲಿ ಹೆಚ್ಚಿನವರು ಕೋಶದ ದೋಷವೆಂದೇ ಎಣಿಸಿ ಅದನ್ನು ನಿವಾರಿಸುವ ದಾರಿ ಹುಡುಕುತ್ತಿದ್ದರು. ಪ್ಲಾಂಟೆಯವರು ಅದನ್ನು ಹೆಚ್ಚಿಸುವ ದಾರಿಯನ್ನು ಹುಡುಕಿದರು. ಅವರ ಹಿರಿಮೆ ಇರುವುದು ಇಲ್ಲಿ.

೧೮೫೯ರ ಕೋಶ

ತಾಮ್ರ, ಬೆಳ್ಳಿ, ತವರ, ಚಿನ್ನ, ಪ್ಲಾಟಿನಂ ಮೊದಲಾದ ಲೋಹಗಳನ್ನು ಒಂದೊಂದಾಗಿ ಪರೀಕ್ಷಿಸಿದ ಅವರಿಗೆ, ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿದ ಸೀಸವು ಎಲ್ಲಕ್ಕಿಂತ ಬಲವಾದ ಮತ್ತು ದೀರ್ಘಕಾಲ ನಿಲ್ಲುವ ಮರುವಿದ್ಯುತ್ತನ್ನು ಕೊಡುವುದು ಕಂಡುಬಂದಿತು. ಎರಡು ಉದ್ದನೆಯ ಸೀಸದ ಹಾಳೆಗಳ ನಡುವೆ ರಬ್ಬರ್ ಪಟ್ಟಿಗಳನ್ನಿಟ್ಟು, ಚಾಪೆ ಸುತ್ತುವಂತೆ ಸುರುಳಿಯಾಗಿ ಸುತ್ತಿ, ಸುಮಾರು ಶೇಕಡಾ ೧೦ರಷ್ಟು ಗಂಧಕಾಮ್ಲವಿದ್ದ ಗಾಜಿನ ಪಾತ್ರೆಯಲ್ಲಿ ಇಳಿಬಿಟ್ಟರು. ರಬ್ಬರ್ ಪಟ್ಟಿಗಳು ಹಾಳೆಗಳು ಒಂದನ್ನೊಂದು ತಾಗದಂತೆ ತಡೆಯುತ್ತಿದ್ದವು. ಸುರುಳಿಯ ಆಕಾರದಿಂದ ಸಣ್ಣ ಪಾತ್ರೆಯಲ್ಲಿಯೇ ದೊಡ್ಡ ಮೇಲ್ಮೈ ದೊರೆಯುತ್ತಿತ್ತು. ೧೮೬೦ರಲ್ಲಿ ಇಂಥ ಒಂಬತ್ತು ಕೋಶಗಳ ಬ್ಯಾಟರಿಯನ್ನು ಅವರು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು.

ಕೋಶವನ್ನು ಚಾರ್ಜ್ ಮಾಡಿದಾಗ ಧನಫಲಕದ ಮೇಲೆ ಕಂದು ಬಣ್ಣದ ಸೀಸದ ಡೈಆಕ್ಸೈಡ್ ಉಂಟಾಗುತ್ತದೆ. ಋಣಫಲಕವು ಬೂದು ಬಣ್ಣದ ಸ್ಪಂಜಿನಂಥ ಸೀಸವಾಗುತ್ತದೆ. ವಿದ್ಯುತ್ತನ್ನು ಬಳಸುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲವು ತೆಳುವಾಗಿ ನೀರು ಹೆಚ್ಚುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಇದೆಲ್ಲವೂ ಹಿಂದುಮುಂದಾಗಿ ನಡೆಯುತ್ತದೆ. ಎರಡು ಫಲಕಗಳಲ್ಲಿಯೂ ಸಲ್ಫೇಟೇ ಉಂಟಾಗುವುದೆಂಬ ಈ ವಿವರಣೆಯನ್ನು ಕೊಟ್ಟವರು ಪ್ಲಾಂಟೆ ಅಲ್ಲ. ೧೮೮೨ರಲ್ಲಿ ಇಂಗ್ಲೆಂಡಿನ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್. ಒಂದು ಕೋಶದ ವೋಲ್ಟೇಜು ಸುಮಾರು ೨. ಅಂದಿನ ಯಾವ ಕೋಶಕ್ಕೂ ಇಷ್ಟು ಕಡಿಮೆ ಒಳರೋಧದೊಡನೆ ಇಷ್ಟು ವೋಲ್ಟೇಜು ಇರಲಿಲ್ಲ. ಕೆಲವೇ ಕ್ಷಣಗಳಲ್ಲಿ ದೊಡ್ಡ ವಿದ್ಯುತ್ಪ್ರವಾಹವನ್ನು ಸುರಿಯಬಲ್ಲ ಈ ಗುಣವೇ ಅರ್ಧ ಶತಮಾನದ ಬಳಿಕ ಅದನ್ನು ಮೋಟಾರು ವಾಹನಕ್ಕೆ ಅನಿವಾರ್ಯಗೊಳಿಸಿತು.

ಫಲಕಗಳನ್ನು ಹದಗೊಳಿಸುವಿಕೆ

ಹೊಸ ಸೀಸದ ಹಾಳೆಯಲ್ಲಿ ವಿದ್ಯುತ್ತು ಹೆಚ್ಚು ನಿಲ್ಲುತ್ತಿರಲಿಲ್ಲ. ಮೇಲಿನ ತೆಳುಪದರವಷ್ಟೇ ಕ್ರಿಯೆಯಲ್ಲಿ ಪಾಲ್ಗೊಳ್ಳುತ್ತಿತ್ತು. ಪ್ಲಾಂಟೆಯವರು ಕೋಶವನ್ನು ಚಾರ್ಜ್ ಮಾಡಿ, ಬರಿದು ಮಾಡಿ, ದಿಕ್ಕು ಬದಲಿಸಿ ಮತ್ತೆ ಚಾರ್ಜ್ ಮಾಡಿ, ಹೀಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮುಂದುವರಿಸಿದರು. ಪ್ರತಿ ಸುತ್ತಿನಲ್ಲಿಯೂ ಸೀಸದ ಮೇಲ್ಮೈ ಇನ್ನಷ್ಟು ಆಳದವರೆಗೆ ಸಡಿಲವಾಗಿ, ರಂಧ್ರಮಯವಾಗಿ, ಧಾರಣಶಕ್ತಿ ಏರುತ್ತಿತ್ತು.

ಈ ಕೆಲಸದಲ್ಲಿ ಅವರ ಗಮನಕ್ಕೆ ಬಂದ ಸಂಗತಿಯೊಂದು ವಿಚಿತ್ರವಾದುದು. ಸುತ್ತುಗಳ ನಡುವೆ ಚಾರ್ಜ್ ಆದ ಕೋಶವನ್ನು ಸುಮ್ಮನೆ ಇರಗೊಟ್ಟರೆ ಫಲಕಗಳು ಬೇಗ ಹದಗೊಳ್ಳುತ್ತಿದ್ದವು. ಧನಫಲಕದ ಮೇಲಿನ ಡೈಆಕ್ಸೈಡ್ ಪದರವೂ ಅದರ ಅಡಿಯಲ್ಲಿನ ಸೀಸವೂ ಆಮ್ಲದಲ್ಲಿ ಪರಸ್ಪರ ತಾಗಿಕೊಂಡೇ ಇರುವುದರಿಂದ, ಹೊರಗೆ ತಂತಿ ಜೋಡಿಸದಿದ್ದರೂ ಒಳಗೊಳಗೇ ಸಣ್ಣ ಸಣ್ಣ ಕೋಶಗಳಂತೆ ಕೆಲಸ ಮಾಡಿ ಸಲ್ಫೇಟನ್ನು ಉಂಟುಮಾಡುತ್ತವೆ. ಮುಂದಿನ ಚಾರ್ಜಿನಲ್ಲಿ ಆ ಸಲ್ಫೇಟು ಡೈಆಕ್ಸೈಡಾಗಿ ಮಾರ್ಪಟ್ಟು ಪದರ ದಪ್ಪವಾಗುತ್ತದೆ. ಹೀಗಾಗಿ ಪ್ಲಾಂಟೆಯವರು ವಿರಾಮವನ್ನೂ ವಿಧಾನದ ಒಂದು ಅಂಗವಾಗಿಯೇ ಮಾಡಿಕೊಂಡರು. ಹದಗೊಂಡ ಬ್ಯಾಟರಿಯನ್ನು ವಾಹನದಲ್ಲಿಟ್ಟು ತಿಂಗಳುಗಟ್ಟಲೆ ಮರೆತಾಗ ಅದನ್ನು ಕೆಡಿಸುವುದೂ ಇದೇ ಬಗೆಯ ಒಳಕ್ರಿಯೆ. ಪ್ಯಾರಿಸ್ಸಿನ ಪ್ರಯೋಗಶಾಲೆಯಲ್ಲಿ ಅದು ಸಹಾಯಕವಾಯಿತು, ಏಕೆಂದರೆ ವಿರಾಮದ ಕೊನೆಯಲ್ಲಿ ಮತ್ತೆ ಚಾರ್ಜ್ ಮಾಡುವವರೊಬ್ಬರು ಅಲ್ಲಿದ್ದರು.

ಚಾರ್ಜಿಗೆ ಆಕರವಿಲ್ಲದ ಕಾಲ

ಪ್ಲಾಂಟೆಯವರ ಕೋಶಕ್ಕೆ ಒದಗಿದ ದೊಡ್ಡ ತೊಡಕು ಅದರದ್ದಲ್ಲ, ಕಾಲದ್ದು. ಅದನ್ನು ಚಾರ್ಜ್ ಮಾಡಲು ಅಂದು ಇದ್ದುದು ಬುನ್ಸೆನ್ ಅಥವಾ ಡೇನಿಯಲ್ ಕೋಶಗಳಷ್ಟೆ. ಸತುವನ್ನು ಕರಗಿಸಿ ಪಡೆದ ದುಬಾರಿ ವಿದ್ಯುತ್ತನ್ನು ಇನ್ನೊಂದು ಪಾತ್ರೆಗೆ ತುಂಬಿ, ದಾರಿಯಲ್ಲಿ ಒಂದು ಪಾಲನ್ನು ಕಳೆದುಕೊಂಡು, ಉಳಿದುದನ್ನು ಬಳಸುವುದರಲ್ಲಿ ವ್ಯಾಪಾರದ ಲಾಭವೇನೂ ಇರಲಿಲ್ಲ. ಗ್ರಾಮ್ ಅವರ ಡೈನಮೋ ಬಂದುದು ೧೮೭೧ರಲ್ಲಿ. ಅಲ್ಲಿಯವರೆಗೆ, ಹೆಚ್ಚುಕಡಿಮೆ ಹನ್ನೆರಡು ವರ್ಷ, ಸೀಸ-ಆಮ್ಲ ಬ್ಯಾಟರಿ ಒಂದು ವೈಜ್ಞಾನಿಕ ಉಪಕರಣವಾಗಿಯೇ ಉಳಿಯಿತು.

ಈ ಅವಧಿಯಲ್ಲಿ ಪ್ಲಾಂಟೆಯವರು ಅದಕ್ಕೆ ಹೊಂದುವ ಬಳಕೆಗಳನ್ನು ಜಾಣ್ಮೆಯಿಂದ ಕಂಡುಕೊಂಡರು. ಎರಡು ಬುನ್ಸೆನ್ ಕೋಶಗಳಿಂದ ಇಪ್ಪತ್ತು ಸೀಸದ ಕೋಶಗಳನ್ನು ಸಮಾಂತರವಾಗಿ ಜೋಡಿಸಿ ನಿಧಾನವಾಗಿ ತುಂಬುವುದು, ಬಳಿಕ ಒಂದು ತಿರುಗುಗುಂಡಿಯಿಂದ ಅವನ್ನು ಸರಣಿಯಾಗಿ ಬದಲಿಸಿ ಒಮ್ಮೆಲೇ ೪೦ ವೋಲ್ಟ್‌ನಷ್ಟನ್ನು ಪಡೆಯುವುದು, ಇದು ಅವರ ಒಂದು ಏರ್ಪಾಡು. ಮೇಣದ ಬತ್ತಿ ಹೊತ್ತಿಸುವ ಪುಟ್ಟ ಪೆಟ್ಟಿಗೆಯೊಂದನ್ನೂ ಅವರು ರೂಪಿಸಿದ್ದರು. ಗುಂಡಿ ಒತ್ತಿದರೆ ಪ್ಲಾಟಿನಂ ತಂತಿ ಕೆಂಪಗೆ ಕಾದು ಬತ್ತಿ ಹೊತ್ತಿಕೊಳ್ಳುತ್ತಿತ್ತು. ರಸವಾದಿಗಳು ಸೀಸಕ್ಕೆ ಶನಿಗ್ರಹದ ಹೆಸರಿಟ್ಟಿದ್ದುದರಿಂದ ಅದಕ್ಕೆ ಶನಿಯ ಚಕಮಕಿ ಎಂಬ ಅರ್ಥದ ಹೆಸರು ಕೊಟ್ಟರು. ಶಸ್ತ್ರವೈದ್ಯರು ಅಂಗಾಂಶವನ್ನು ಸುಡಲು, ದೇಹದ ಒಳಭಾಗಗಳನ್ನು ಬೆಳಗಿಸಿ ನೋಡಲು ಈ ಕೋಶಗಳನ್ನು ಬಳಸಿದರು. ಗುಸ್ತಾವ್ ತ್ರೂವೆ ಎಂಬ ಕುಶಲಿ ತಯಾರಿಸಿದ ವೈದ್ಯಕೀಯ ದೀಪಗಳಿಗೆ ಪ್ಲಾಂಟೆ ಕೋಶವೇ ಆಧಾರವಾಗಿತ್ತು.

ಅಧಿಕ ವೋಲ್ಟೇಜಿನ ಸಂಶೋಧನೆಗಳು

ಪ್ಲಾಂಟೆಯವರ ಸ್ವಂತ ಒಲವು ಬ್ಯಾಟರಿಯನ್ನು ಮಾರುವುದರಲ್ಲಿರಲಿಲ್ಲ, ಅದರಿಂದ ನಿಸರ್ಗವನ್ನು ಅರಿಯುವುದರಲ್ಲಿತ್ತು. ೮೦೦ ಕೋಶಗಳನ್ನು ಸರಣಿಯಾಗಿ ಜೋಡಿಸಿ ಅವರು ಸಾವಿರಕ್ಕೂ ಹೆಚ್ಚು ವೋಲ್ಟ್‌ಗಳ ಸ್ಥಿರವಾದ ಪ್ರವಾಹವನ್ನು ಪಡೆದರು. ೧೮೭೭ರಲ್ಲಿ ರಿಯೋಸ್ಟಾಟಿಕ್ ಯಂತ್ರವೆಂಬ ಸಾಧನವನ್ನು ರಚಿಸಿದರು. ಅಭ್ರಕದ ಹಾಳೆಗಳಿಗೆ ತವರದ ರೇಕು ಹಚ್ಚಿ ಮಾಡಿದ ಅನೇಕ ಧಾರಕಗಳನ್ನು ಬ್ಯಾಟರಿಯಿಂದ ಸಮಾಂತರವಾಗಿ ತುಂಬಿ, ಸಿಲಿಂಡರೊಂದನ್ನು ತಿರುಗಿಸಿ ಸರಣಿಯಾಗಿ ಬರಿದುಮಾಡಿದರೆ ಉದ್ದನೆಯ ಕಿಡಿಗಳು ಹಾರುತ್ತಿದ್ದವು. ೧೯೨೪ರಲ್ಲಿ ಎರ್ವಿನ್ ಮಾರ್ಕ್ಸ್ ವಿವರಿಸಿದ, ಇಂದಿಗೂ ಅಧಿಕ ವೋಲ್ಟೇಜಿನ ಪರೀಕ್ಷಾಲಯಗಳಲ್ಲಿ ಬಳಕೆಯಲ್ಲಿರುವ ಜನಕದ ತತ್ತ್ವವೂ ಇದೇ.

ಲವಣದ್ರಾವಣದ ಮೇಲ್ಮೈಯನ್ನು ಈ ಬ್ಯಾಟರಿಯ ತುದಿಯಿಂದ ಮುಟ್ಟಿದಾಗ ಹೊಳೆಯುವ ಸಣ್ಣ ಗೋಳಗಳು ಉಂಟಾಗಿ ಅತ್ತಿತ್ತ ಸರಿಯುವುದನ್ನು ಅವರು ಕಂಡರು. ಗುಡುಗುಮಳೆಯ ಕಾಲದಲ್ಲಿ ಕೆಲವೊಮ್ಮೆ ಕಾಣುವ ಚೆಂಡುಮಿಂಚಿಗೆ ಇದೇ ವಿವರಣೆ ಎಂದು ಅವರು ನಂಬಿದ್ದರು. ಆಲಿಕಲ್ಲು, ಧ್ರುವಪ್ರಭೆ, ಸುಂಟರಗಾಳಿಗಳಲ್ಲಿಯೂ ವಿದ್ಯುತ್ತಿನ ಕೈವಾಡವನ್ನು ಊಹಿಸಿದರು. ಈ ಊಹೆಗಳಲ್ಲಿ ಬಹುಪಾಲು ನಿಲ್ಲಲಿಲ್ಲ. ಚೆಂಡುಮಿಂಚಿಗೆ ಸರ್ವಸಮ್ಮತವಾದ ವಿವರಣೆ ಇನ್ನೂ ದೊರೆತಿಲ್ಲವಾದ್ದರಿಂದ ಆ ಪ್ರಯೋಗಗಳನ್ನು ಆಗಾಗ ಸ್ಮರಿಸುವವರಿದ್ದಾರೆ. ೧೮೭೯ರಲ್ಲಿ ಅವರು ತಮ್ಮ ಎರಡು ದಶಕಗಳ ಕೆಲಸವನ್ನು ವಿದ್ಯುತ್ತಿನ ಕುರಿತ ಸಂಶೋಧನೆಗಳು ಎಂಬರ್ಥದ ಹೆಸರಿನ ಗ್ರಂಥವಾಗಿ ಪ್ರಕಟಿಸಿದರು. ೧೮೮೭ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದಿತು.

ಫೋರ್ ಅವರ ಲೇಪ ಮತ್ತು ೧೮೮೧ನೆಯ ವರ್ಷ

ತಿಂಗಳುಗಟ್ಟಲೆ ಹದಗೊಳಿಸುವ ಕೆಲಸವನ್ನು ತಪ್ಪಿಸಿದವರು ಕಾಮಿಲ್ ಫೋರ್ ಎಂಬ ಫ್ರೆಂಚ್ ರಸಾಯನ ತಂತ್ರಜ್ಞರು. ಸೀಸದ ಹಾಳೆಗೆ ಕೆಂಪು ಸೀಸ ಮತ್ತು ಗಂಧಕಾಮ್ಲದ ಲೇಪವನ್ನು ಮೆತ್ತಿ ಚಾರ್ಜ್ ಮಾಡಿದರೆ, ಪ್ಲಾಂಟೆಯವರು ಬಹುದಿನ ಕಾದು ಪಡೆಯುತ್ತಿದ್ದ ಕ್ರಿಯಾಶೀಲ ಪದರವು ಕೆಲವೇ ದಿನಗಳಲ್ಲಿ ಸಿದ್ಧವಾಗುತ್ತಿತ್ತು. ೧೮೮೧ರಲ್ಲಿ ಫೋರ್ ಬ್ಯಾಟರಿಯ ಪೆಟ್ಟಿಗೆಯೊಂದನ್ನು ಪ್ಯಾರಿಸ್ಸಿನಲ್ಲಿ ಚಾರ್ಜ್ ಮಾಡಿ ಗ್ಲಾಸ್ಗೋದಲ್ಲಿದ್ದ ವಿಲಿಯಂ ಥಾಮ್ಸನ್ ಅವರಿಗೆ ತಲಪಿಸಲಾಯಿತು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ಅವರು ಅದನ್ನು ಪರೀಕ್ಷಿಸಿ ಮೆಚ್ಚಿದರು. ವಿದ್ಯುತ್ತನ್ನು ಪೆಟ್ಟಿಗೆಯಲ್ಲಿ ತುಂಬಿ ದೇಶದಿಂದ ದೇಶಕ್ಕೆ ಸಾಗಿಸಬಹುದೆಂಬ ಸುದ್ದಿ ಪತ್ರಿಕೆಗಳಲ್ಲಿ ಸಂಚಲನ ಉಂಟುಮಾಡಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ಪ್ರದರ್ಶನ ನಡೆಯಿತು. ತ್ರೂವೆ ಅವರು ಬ್ಯಾಟರಿಯಿಂದ ಓಡುವ ಮೂರು ಗಾಲಿಯ ಸೈಕಲ್ಲನ್ನು ಪ್ಯಾರಿಸ್ಸಿನ ಬೀದಿಯಲ್ಲಿ ಓಡಿಸಿ ತೋರಿಸಿದರು.

ಕಾರ್ಖಾನೆಗಳು ಮತ್ತು ಷೇರು ಕಂಪನಿಗಳು ಹುಟ್ಟಿಕೊಂಡದ್ದು ಫೋರ್ ಅವರ ಲೇಪವನ್ನೂ ಅದನ್ನು ಹಿಡಿದಿಡುವ ಜಾಲರಿ ಫಲಕಗಳನ್ನೂ ಆಧರಿಸಿ. ಇಪ್ಪತ್ತು ವರ್ಷ ತಾಳ್ಮೆಯಿಂದ ದುಡಿದ ಪ್ಲಾಂಟೆಯವರಿಗೆ ಈ ವ್ಯಾಪಾರದ ಉಬ್ಬರದಲ್ಲಿ ದೊಡ್ಡ ಪಾಲೇನೂ ಇರಲಿಲ್ಲ. ಆದರೂ ಲೇಪದ ಫಲಕ ಕಾಲಕ್ರಮದಲ್ಲಿ ಉದುರುತ್ತದೆ, ಪ್ಲಾಂಟೆ ಫಲಕ ಉದುರಿದರೂ ಅಡಿಯ ಸೀಸದಿಂದ ಹೊಸ ಪದರ ಹುಟ್ಟುತ್ತದೆ ಎಂಬುದು ಬಳಕೆದಾರರಿಗೆ ಕ್ರಮೇಣ ಮನವರಿಕೆಯಾಯಿತು.

ಕೊನೆಯ ವರ್ಷಗಳು

ಜೀವನದ ಉತ್ತರಾರ್ಧದಲ್ಲಿ ಅವರು ವಾಯುಮಂಡಲದ ವಿದ್ಯುತ್ತಿನ ಅಧ್ಯಯನಕ್ಕೆ ಹೆಚ್ಚಿನ ಸಮಯ ಕೊಟ್ಟರು. ಆ ವಿಷಯದ ಅವರ ಗ್ರಂಥ ೧೮೮೮ರಲ್ಲಿ ಪ್ರಕಟವಾಯಿತು. ೧೮೮೯ರ ಮೇ ೨೧ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಮ್ಯೂಡಾನಿನ ಬೆಲ್‌ವ್ಯೂ ಎಂಬಲ್ಲಿ ನಿಧನರಾದರು. ತಾರುಣ್ಯದಲ್ಲಿ ಪಕ್ಷಿಯ ಮೂಳೆ ದೊರೆತುದೂ ಇದೇ ಊರಿನಲ್ಲಿ. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಅವರ ಹೆಸರಿನಲ್ಲಿ ನೀಡುತ್ತಿದ್ದ ಬಹುಮಾನವನ್ನು ೧೮೯೫ರಲ್ಲಿ ಪಿಯರ್ ಕ್ಯೂರಿ ಪಡೆದರು.

ವಾಹನಗಳಲ್ಲಿ ಸೀಸ-ಆಮ್ಲ ಬ್ಯಾಟರಿ

ಗಂಟೆಗೆ ೧೦೦ ಕಿಲೋಮೀಟರ್ ವೇಗವನ್ನು ಮೊದಲು ಮೀರಿದ ರಸ್ತೆವಾಹನ ಪೆಟ್ರೋಲಿನದ್ದಲ್ಲ. ೧೮೯೯ರಲ್ಲಿ ಬೆಲ್ಜಿಯಮಿನ ಕಾಮಿಲ್ ಜೆನಾಟ್ಜಿ ಪ್ಯಾರಿಸ್ಸಿನ ಸಮೀಪ ಓಡಿಸಿದ ಸೀಸ-ಆಮ್ಲ ಬ್ಯಾಟರಿಯ ಕಾರು ಅದು. ಬಳಿಕ ಪೆಟ್ರೋಲ್ ಎಂಜಿನ್ ಮೇಲುಗೈ ಪಡೆದಾಗ ಬ್ಯಾಟರಿ ಹಿಂದೆ ಸರಿಯಿತು. ಆಗಿನ ಕಾರುಗಳಲ್ಲಿ ಕಿಡಿಗೆ ಮ್ಯಾಗ್ನೆಟೋ, ದೀಪಕ್ಕೆ ಅಸಿಟಿಲೀನ್ ಅನಿಲ, ಚಾಲನೆಗೆ ಮುಂಭಾಗದ ಹಿಡಿಕೆ. ಹಿಡಿಕೆ ಹಿಮ್ಮೊಗವಾಗಿ ಒದ್ದು ಕೈಮುರಿಯುವುದು ಸಾಮಾನ್ಯವಾಗಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು ೧೯೧೨ರ ಕ್ಯಾಡಿಲ್ಯಾಕ್ ಕಾರುಗಳಿಗೆ ಅಳವಡಿಸಿದ ಮೇಲೆ ಬ್ಯಾಟರಿ ಮರಳಿ ಬಂದಿತು. ಸ್ಟಾರ್ಟರಿಗೆ ಕೆಲವು ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಬೇಕು; ಪ್ಲಾಂಟೆಯವರ ಕೋಶ ಅದನ್ನು ಸಲೀಸಾಗಿ ಕೊಟ್ಟಿತು.

ಕರ್ನಾಟಕದಲ್ಲಿ ಈ ಬ್ಯಾಟರಿಯ ಚರಿತ್ರೆಗೆ ಎರಡು ನೆನಪಿಡುವ ಕೊಂಡಿಗಳಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೦ರ ದಶಕದಿಂದ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳಲ್ಲಿ ಬಹುಕಾಲ ೬ ವೋಲ್ಟಿನ ಬ್ಯಾಟರಿಯೂ ಡೈನಮೋವೂ ಇದ್ದವು. ಬೆಂಗಳೂರಿನಲ್ಲಿ ತಯಾರಾಗಿ ೨೦೦೧ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು ಮೊದಲಿಗೆ ಓಡಿದ್ದು ೬ ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿಂದ. ಆ ಮೋಟಾರು ಸೈಕಲ್ಲುಗಳೂ ಹಳೆಯ ರೇವಾಗಳೂ ಈಗ ಹೆಚ್ಚಾಗಿ ಅಭಿಮಾನಿಗಳ ಮನೆಯ ಶೆಡ್ಡಿನಲ್ಲಿ ನಿಂತಿರುತ್ತವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಸ್ಥಳಗಳಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವೇ ಇದೆ. ವರ್ಷಕ್ಕೆ ಕೆಲವೇ ದಿನ ರಸ್ತೆಗಿಳಿಯುವ ಇಂಥ ವಾಹನಗಳಲ್ಲಿ ಎಂಜಿನ್ನಿಗಿಂತ ಮೊದಲು ಸೋಲುವುದು ಬ್ಯಾಟರಿಯೇ.

ನಿಂತ ವಾಹನದ ಬ್ಯಾಟರಿ

ಪ್ಲಾಂಟೆಯವರು ಕಂಡ ಒಳಕ್ರಿಯೆಯಿಂದಾಗಿ, ತಂತಿ ಬಿಚ್ಚಿಟ್ಟ ಬ್ಯಾಟರಿಯೂ ತನ್ನಷ್ಟಕ್ಕೇ ಬರಿದಾಗುತ್ತದೆ. ಫಲಕದ ಜಾಲರಿಗೆ ಆಂಟಿಮನಿ ಬೆರೆಸಿದ ಹಳೆಯ ಮಾದರಿಯ ಬ್ಯಾಟರಿಗಳಲ್ಲಿ ಈ ನಷ್ಟ ಹೆಚ್ಚು, ಕ್ಯಾಲ್ಸಿಯಂ ಬೆರೆಸಿದ ಹೊಸ ಮಾದರಿಗಳಲ್ಲಿ ಕಡಿಮೆ. ಉಷ್ಣತೆ ಸುಮಾರು ೧೦ ಡಿಗ್ರಿ ಸೆಲ್ಸಿಯಸ್ ಏರಿದರೆ ನಷ್ಟದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಸಗೆಯಲ್ಲಿ ೪೦ ಡಿಗ್ರಿ ಮುಟ್ಟುವ ಉತ್ತರ ಕರ್ನಾಟಕದ ಬಯಲಿನಲ್ಲಿ ಯುರೋಪಿನ ಕೈಪಿಡಿಗಳ ಲೆಕ್ಕ ಹಾಗೆಯೇ ನಡೆಯದು. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಯಂಥ ಊರುಗಳಲ್ಲಿ ಹಂಗಾಮುಗಳ ನಡುವೆ ನಿಲ್ಲುವ ಟ್ರ್ಯಾಕ್ಟರಿಗೂ ನಗರದ ಶೆಡ್ಡಿನಲ್ಲಿ ಹೊದಿಕೆ ಹೊದ್ದ ಹಳೆಯ ಕಾರಿಗೂ ಈ ವಿಷಯದಲ್ಲಿ ಭೇದವಿಲ್ಲ.

ಬರಿದಾದ ಬ್ಯಾಟರಿಯ ಫಲಕಗಳ ಮೇಲಿನ ಸೀಸದ ಸಲ್ಫೇಟು ಮೊದಲಿಗೆ ನವಿರಾದ ಪುಡಿಯಂತಿರುತ್ತದೆ. ಚಾರ್ಜ್ ಮಾಡಿದರೆ ಸುಲಭವಾಗಿ ಕರಗುತ್ತದೆ. ವಾರ, ತಿಂಗಳು ಕಳೆದಂತೆ ಸಣ್ಣ ಹರಳುಗಳು ಕರಗಿ ದೊಡ್ಡ ಹರಳುಗಳಾಗಿ ಗಟ್ಟಿಗೊಳ್ಳುತ್ತವೆ. ಅವು ವಿದ್ಯುತ್ತನ್ನು ಹಾಯಗೊಡುವುದಿಲ್ಲ, ಚಾರ್ಜಿಗೂ ಜಗ್ಗುವುದಿಲ್ಲ. ಸಲ್ಫೇಷನ್ ಎಂದು ಕರೆಯುವ ಈ ದೋಷವೇ ನಿಂತ ವಾಹನಗಳ ಬ್ಯಾಟರಿ ಕೆಡುವುದಕ್ಕೆ ಮುಖ್ಯ ಕಾರಣ. ವಿಶ್ರಾಂತಿಯಲ್ಲಿರುವ ೧೨ ವೋಲ್ಟ್ ಬ್ಯಾಟರಿಯು ಪೂರ್ಣ ಚಾರ್ಜಿನಲ್ಲಿ ೧೨.೬ ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ, ೬ ವೋಲ್ಟಿನದು ೬.೩ರಷ್ಟು. ಅದು ೧೨.೪ಕ್ಕಿಂತ ಕೆಳಗಿಳಿಯುವ ಮೊದಲೇ ಮತ್ತೆ ಚಾರ್ಜ್ ಮಾಡುವುದು ಅಪೇಕ್ಷಣೀಯ. ಮುಚ್ಚಳ ತೆರೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರಿನಿಂದ ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ಅಳೆಯುವುದು ಇನ್ನೂ ನಂಬಲರ್ಹ. ಪೂರ್ಣ ಚಾರ್ಜಿನಲ್ಲಿ ಅದು ೧.೨೬ರ ಸುಮಾರಿನಲ್ಲಿದ್ದು, ಪೂರ್ತಿ ಬರಿದಾದಾಗ ೧.೧೨ರವರೆಗೆ ಇಳಿಯುತ್ತದೆ. ಉಷ್ಣದೇಶಗಳಿಗೆ ಒದಗಿಸುವ ಬ್ಯಾಟರಿಗಳಲ್ಲಿ ಆರಂಭದ ಸಾಂದ್ರತೆಯನ್ನೇ ಸ್ವಲ್ಪ ಕಡಿಮೆ ಇಡುವುದುಂಟು. ಒಂದು ಕೋಶ ಮಾತ್ರ ಉಳಿದವುಗಳಿಗಿಂತ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿಯುತ್ತ ಬಂದಿತೆಂದೇ ಅರ್ಥ.

ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಐದು ನಿಮಿಷ ನಿಂತಲ್ಲೇ ಓಡಿಸಿದರೆ ಸಾಕೆಂಬ ರೂಢಿ ವ್ಯಾಪಕವಾಗಿದೆ. ಇದು ತಪ್ಪು ತಿಳಿವಳಿಕೆ. ಹಳೆಯ ವಾಹನಗಳ ಡೈನಮೋ ಕಡಿಮೆ ವೇಗದಲ್ಲಿ ಬ್ಯಾಟರಿಯನ್ನು ತುಂಬುವುದೇ ಇಲ್ಲ. ಕಟೌಟ್ ಎಂಬ ರಿಲೇ ಡೈನಮೋವನ್ನು ಬ್ಯಾಟರಿಗೆ ಜೋಡಿಸುವುದು ಎಂಜಿನ್ನಿನ ವೇಗ ಏರಿದ ಮೇಲೆ. ಸ್ಟಾರ್ಟರು ಎಳೆದುಕೊಂಡದ್ದೂ ಹಿಂದಿರುಗದೆ, ಎಣ್ಣೆಯಲ್ಲಿಯೂ ಹೊಗೆಕೊಳವೆಯಲ್ಲಿಯೂ ನೀರಿನಂಶ ಉಳಿದು, ಎರಡು ಕಡೆಯಿಂದಲೂ ಕೇಡಾಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುವುದಾದರೆ ಸರಿ, ಇಲ್ಲವಾದರೆ ಎಂಜಿನ್ನನ್ನು ಮುಟ್ಟದೆ ಚಾರ್ಜರನ್ನು ಜೋಡಿಸುವುದೇ ಮೇಲು.

ಬರಿದಾದ ಬ್ಯಾಟರಿಯನ್ನು ತುಂಬುವಾಗ ಅದರ ಆಂಪಿಯರ್-ಗಂಟೆಯ ಹತ್ತನೆಯ ಒಂದಂಶದಷ್ಟು ಪ್ರವಾಹ ಸಾಕು. ೬೦ ಆಂಪಿಯರ್-ಗಂಟೆಯ ಬ್ಯಾಟರಿಗೆ ೬ ಆಂಪಿಯರ್. ತುಂಬಿದ ಬಳಿಕ ಹಾಗೆಯೇ ಜೋಡಿಸಿಡುವುದಾದರೆ ಚಾರ್ಜರು ತಾನಾಗಿ ಕಡಿಮೆ ವೋಲ್ಟೇಜಿಗೆ ಇಳಿಯುವಂಥದ್ದಾಗಿರಬೇಕು. ೧೨ ವೋಲ್ಟ್ ಬ್ಯಾಟರಿಗೆ ೨೫ ಡಿಗ್ರಿಯಲ್ಲಿ ಸುಮಾರು ೧೩.೫ ವೋಲ್ಟ್ ತಕ್ಕುದು. ೪೦ ಡಿಗ್ರಿಯಲ್ಲಿ ಅದು ೧೩.೨ರ ಆಸುಪಾಸಿಗೆ ಇಳಿಯಬೇಕು. ನಿಯಂತ್ರಣವಿಲ್ಲದ ಅಗ್ಗದ ಚಾರ್ಜರುಗಳನ್ನು ತಿಂಗಳುಗಟ್ಟಲೆ ಬಿಟ್ಟರೆ ಆಮ್ಲದ ನೀರು ಕುದಿದು ಆರಿ ಫಲಕಗಳು ಬರಿದಾಗಿ ನಿಲ್ಲುತ್ತವೆ. ನೀರು ತಗ್ಗಿದಾಗ ಸುರಿಯಬೇಕಾದುದು ಡಿಸ್ಟಿಲ್ಡ್ ವಾಟರ್ ಮಾತ್ರ. ಆಮ್ಲವನ್ನು ಸೇರಿಸಬಾರದು, ಕೊಳವೆಬಾವಿಯ ನೀರನ್ನಂತೂ ಕೂಡದು. ನೀರನ್ನು ಪೂರ್ಣ ಚಾರ್ಜ್ ಆದ ಮೇಲೆ ಸುರಿಯುವುದು ಕ್ರಮ. ಮೊದಲೇ ತುಂಬಿದರೆ ಚಾರ್ಜಿನ ವೇಳೆ ಆಮ್ಲ ಉಕ್ಕಿ ಹೊರಚೆಲ್ಲುತ್ತದೆ.

ಚಾರ್ಜಿನ ಕೊನೆಯಲ್ಲಿ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ ೪ನ್ನು ಮೀರಿದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಬಾಗಿಲು ತೆರೆದಿರಬೇಕು. ಚಾರ್ಜರನ್ನು ಬಂದ್ ಮಾಡಿದ ಬಳಿಕವೇ ಅದರ ಕ್ಲಿಪ್ಪುಗಳನ್ನು ತೆಗೆಯಬೇಕು. ಬ್ಯಾಟರಿಯನ್ನು ವಾಹನದಿಂದ ಬಿಚ್ಚುವಾಗ ಮೊದಲು ಬಿಚ್ಚಬೇಕಾದುದು ಚಾಸಿಗೆ ಜೋಡಿಸಿದ ಅರ್ತ್ ತಂತಿ. ೧೯೬೦ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಚಾಸಿಗೆ ಜೋಡಿಸಿರುವುದು ಧನ ತುದಿಯನ್ನು. ಹೊಸ ವಾಹನದ ಅಭ್ಯಾಸದಲ್ಲಿ ಋಣ ತುದಿಯೇ ಅರ್ತ್ ಎಂದು ಭಾವಿಸಿ ಸ್ಪ್ಯಾನರು ಹಾಕಿದರೆ ಅನಾಹುತ ತಪ್ಪದು. ಸಿಮೆಂಟಿನ ನೆಲದ ಮೇಲಿಟ್ಟರೆ ಬ್ಯಾಟರಿ ಬರಿದಾಗುತ್ತದೆಂಬ ಮಾತು ಮರದ ಪೆಟ್ಟಿಗೆಯ ಬ್ಯಾಟರಿಗಳ ಕಾಲದ್ದು; ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಕೂತ ಆಮ್ಲದ ತೇವವೂ ಧೂಳೂ ಎರಡು ತುದಿಗಳ ನಡುವೆ ದಾರಿಯಾಗಿ ಸಣ್ಣ ಪ್ರವಾಹ ಹರಿಯುವುದು ಮಾತ್ರ ನಿಜ. ಅಡುಗೆ ಸೋಡಾ ಕರಗಿಸಿದ ನೀರಿನಿಂದ, ಮುಚ್ಚಳಗಳೊಳಕ್ಕೆ ಹನಿ ಬೀಳದಂತೆ, ಒರೆಸಿದರೆ ಅದು ನಿಲ್ಲುತ್ತದೆ.

ಪ್ಲಾಂಟೆ ಫಲಕಗಳ ಇಂದಿನ ಬಳಕೆ

ವಾಹನಗಳಲ್ಲಿ ಲೇಪದ ಫಲಕಗಳೇ ನೆಲೆಯೂರಿದವು. ಅಪ್ಪಟ ಸೀಸದ ಪ್ಲಾಂಟೆ ಫಲಕ ಭಾರವಾದುದರಿಂದ ಓಡುವ ಗಾಡಿಗೆ ಒಗ್ಗಲಿಲ್ಲ. ಆದರೆ ಅಲುಗಾಡದೆ ಒಂದೆಡೆ ನಿಂತು, ಸದಾ ಚಾರ್ಜಿನಲ್ಲಿದ್ದು, ಎಂದೋ ಒಮ್ಮೆ ಮಾತ್ರ ಕೆಲಸಕ್ಕೆ ಬರಬೇಕಾದ ವಿದ್ಯುದಾಗಾರ, ಉಪಕೇಂದ್ರ, ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಅದು ಉಳಿಯಿತು. ಕ್ರಮವಾಗಿ ನೋಡಿಕೊಂಡರೆ ಅವು ೨೦ ವರ್ಷಕ್ಕೂ ಮೀರಿ ಬಾಳುತ್ತವೆ. ಇಂಥ ಸ್ಥಿರ ಬ್ಯಾಟರಿಗಳಿಗಾಗಿ ಭಾರತೀಯ ಮಾನಕಗಳಲ್ಲಿ ಐಎಸ್ ೧೬೫೨ ಎಂಬ ಪ್ರತ್ಯೇಕ ಮಾನಕವಿದ್ದು, ಅದರ ಶೀರ್ಷಿಕೆಯಲ್ಲಿ ಪ್ಲಾಂಟೆಯವರ ಹೆಸರು ಸೇರಿದೆ.